ಹೆಪ್ಪು ತೆಗೆದ ನಂತರದ ಆರೈಕೆ: ಬೆಂಗಳೂರಿನ ಒಂದು ಸ್ಟ್ರೋಕ್ ಘಟಕದ ಸೇವೆ ಹೇಗಿತ್ತು

ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಸ್ಟ್ರೋಕ್ ಘಟಕದಲ್ಲಿ ನನ್ನ ಅಣ್ಣನ ಮೆದುಳಿನ ರಕ್ತನಾಳದಿಂದ ಹೆಪ್ಪು ತೆಗೆಯುವ ಥ್ರಾಂಬೆಕ್ಟಮಿ ಚಿಕಿತ್ಸೆ ನಡೆಯಿತು. ಆ ಘಟಕದ ತುರ್ತು ವಿಭಾಗ, ಕ್ಯಾಥ್ ಲ್ಯಾಬ್ (ರಕ್ತನಾಳದೊಳಗೆ ನಳಿಕೆ ಹಾಯಿಸಿ ಚಿಕಿತ್ಸೆ ಮಾಡುವ ಕೋಣೆ), ಐಸಿಯು, ವಾರ್ಡು, ಮನೆಗೆ ಕಳುಹಿಸಿದ ನಂತರದ ವಿಚಾರಣೆ, ಇವಿಷ್ಟನ್ನೂ ಹತ್ತಿರದಿಂದ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ತುರ್ತು ಚಿಕಿತ್ಸೆ ಮತ್ತು ಐಸಿಯು ಆರೈಕೆ ಬಹಳ ಉತ್ತಮ ಮಟ್ಟದ್ದಾಗಿದ್ದವು. ಡಿಸ್ಚಾರ್ಜ್ ಹೊತ್ತಿನ ಮಾಹಿತಿ ಮತ್ತು ಆನಂತರದ ಅನುಸರಣೆ ಆ ಮಟ್ಟಕ್ಕೆ ಏರಲಿಲ್ಲ. ಇಂಥ ಘಟಕದ ಬಗ್ಗೆ ನಮ್ಮಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ, ಹೆಪ್ಪು ಹೊರಗೆ ಬಂತೇ ಎಂಬುದು. ಅಣ್ಣನ ಚೇತರಿಕೆಯನ್ನು ನೋಡಿದ ಮೇಲೆ, ಹೆಪ್ಪು ಕುಳಿತಿದ್ದ ಜಾಗದಲ್ಲಿ ನಾಳದ ಗೋಡೆ ಯಾವ ಸ್ಥಿತಿಯಲ್ಲಿತ್ತು ಎಂದು ಅವರು ಹುಡುಕಿದರೇ, ಅದಕ್ಕೆ ತಕ್ಕಂತೆ ಮುಂದಿನ ಆರೈಕೆಯನ್ನು ಬದಲಿಸಿದರೇ ಎಂಬ ಪ್ರಶ್ನೆಗೂ ಅಷ್ಟೇ ತೂಕವಿದೆ ಎಂದು ನನಗೆ ಮನವರಿಕೆಯಾಗಿದೆ. ಈ ಸೇವೆಯನ್ನು ನಾನು ಅಳೆಯುವುದು ಆ ಪ್ರಶ್ನೆಯಿಂದಲೇ.

ಮೆದುಳಿನ ದೊಡ್ಡ ರಕ್ತನಾಳ ಮುಚ್ಚಿಕೊಳ್ಳುವುದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಹೃದಯದಲ್ಲಿ, ವಿಶೇಷವಾಗಿ ಅದರ ಬಡಿತ ತಾಳ ತಪ್ಪಿದ್ದಾಗ, ಹುಟ್ಟಿದ ಹೆಪ್ಪು ರಕ್ತದೊಡನೆ ಹರಿದು ಬಂದು ಆರೋಗ್ಯವಾಗಿದ್ದ ನಾಳದಲ್ಲಿ ಸಿಕ್ಕಿಕೊಳ್ಳಬಹುದು. ಇಲ್ಲವೇ ವರ್ಷಗಟ್ಟಲೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟ್ರಾಲ್, ಧೂಮಪಾನಗಳಿಂದ ನಾಳದ ಒಳಗೋಡೆಯಲ್ಲಿ ಕೊಬ್ಬಿನ ಪದರ ಬೆಳೆದು, ಒಂದು ದಿನ ಆ ಪದರ ಬಿರಿದು, ಅಲ್ಲೇ ಹೆಪ್ಪು ಕಟ್ಟಬಹುದು. ಹೇಮಾವತಿ ಕಾಲುವೆಗೆ ಅಡ್ಡ ಬಿದ್ದ ಮರದ ದಿಮ್ಮಿಯನ್ನು ಎಳೆದು ಹಾಕಿದರೆ ನೀರು ಮೊದಲಿನಂತೆ ಹರಿಯುತ್ತದೆ, ಆದರೆ ಕಾಲುವೆಯೇ ಹೂಳು ತುಂಬಿ ಕಿರಿದಾಗಿದ್ದರೆ ದಿಮ್ಮಿ ತೆಗೆದ ಮೇಲೂ ನೀರಿನ ಕಷ್ಟ ಉಳಿದೇ ಇರುತ್ತದೆ. ಆಸ್ಪತ್ರೆಗೆ ಕರೆತಂದ ಗಳಿಗೆಯಲ್ಲಿ ಈ ಎರಡೂ ಬಗೆಯ ರೋಗಿಗಳು ಒಂದೇ ರೀತಿ ಕಾಣುತ್ತಾರೆ. ಬಾಯಿ ಸೊಟ್ಟಗಾಗಿರುತ್ತದೆ, ಕೈಕಾಲು ಬಿದ್ದುಹೋಗಿರುತ್ತದೆ, ಮಾತು ನಿಂತಿರುತ್ತದೆ. ಚೇತರಿಕೆಯ ದಾರಿ ಮಾತ್ರ ಬೇರೆಬೇರೆಯಾಗಿರುತ್ತದೆ.

ಅಣ್ಣನಿಗೆ ಅರವತ್ತರ ಸಮೀಪದ ವಯಸ್ಸು, ಬಹುಕಾಲದ ಸಕ್ಕರೆ ಕಾಯಿಲೆಯಿದೆ. ರಾತ್ರಿ ಊಟ ಮಾಡಿ ಚೆನ್ನಾಗಿಯೇ ಮಲಗಿದವರಿಗೆ ಬೆಳಗಿನ ಜಾವ ಎದ್ದಾಗ ಬಲಗೈ ಬಲಗಾಲು ಸ್ವಾಧೀನದಲ್ಲಿರಲಿಲ್ಲ, ಮಾತು ಹೊರಡುತ್ತಿರಲಿಲ್ಲ. ಹಾಸನದ ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿ, ಕಾಯಿಲೆ ಯಾವ ಹೊತ್ತಿಗೆ ಶುರುವಾಯಿತೆಂದು ತಿಳಿಯದ ಕಾರಣ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಕೊಡಲಾಗದು ಎಂದು ಹೇಳಿ, ತಡಮಾಡದೆ ಬೆಂಗಳೂರಿಗೆ ಕಳುಹಿಸಿದರು. ಆ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು ಇದೆ; ಥ್ರಾಂಬೆಕ್ಟಮಿಗೆ ಮಾತ್ರ, ಮೆದುಳಿನಲ್ಲಿ ಉಳಿಸಬಹುದಾದ ಭಾಗ ಇನ್ನೂ ಇದೆ ಎಂದು ಸ್ಕ್ಯಾನ್ ತೋರಿಸಿದರೆ, 24 ಗಂಟೆಗಳವರೆಗೂ ಅವಕಾಶವಿದೆ ಎಂಬುದು 2018ರಲ್ಲಿ ಪ್ರಕಟವಾದ ಡಾನ್ ಎಂಬ ಅಧ್ಯಯನದಿಂದ ಸ್ಥಿರಪಟ್ಟಿದೆ. ಹಾಸನದಿಂದ ಆಂಬ್ಯುಲೆನ್ಸ್ ಹೊರಟ ಕೂಡಲೇ ಈ ಘಟಕಕ್ಕೆ ಫೋನ್ ಹೋಗಿತ್ತು. ನಾವು ತಲುಪಿದಾಗ ನರರೋಗ ತಜ್ಞರು ಬಾಗಿಲಲ್ಲೇ ಕಾಯುತ್ತಿದ್ದರು, ಸ್ಟ್ರೆಚರ್ ನೇರವಾಗಿ ಸ್ಕ್ಯಾನ್ ಕೋಣೆಗೆ ಹೋಯಿತು, ಮುಂಗಡ ಹಣದ ಮಾತು ಆಮೇಲೆ ಬಂತು. ಈ ಒಂದು ಕಾರಣಕ್ಕೇ ಆ ಘಟಕಕ್ಕೆ ನಾನು ಜೀವನಪೂರ್ತಿ ಋಣಿ.

ರಕ್ತನಾಳಗಳ ಚಿತ್ರ ತೆಗೆಯುವ ಸಿ.ಟಿ. ಆಂಜಿಯೋಗ್ರಾಮಿನಲ್ಲಿ ಮೆದುಳಿನ ಎಡಭಾಗದ ಮಧ್ಯದ ಅಪಧಮನಿ ಮುಚ್ಚಿರುವುದು ಕಂಡಿತು. ಇಷ್ಟು ಗಂಟೆಗಳಾಗಿದ್ದರೂ ಪೂರ್ತಿ ಸತ್ತುಹೋಗಿದ್ದ ಭಾಗ ಚಿಕ್ಕದಾಗಿತ್ತು. ವೈದ್ಯರು ಅತ್ತಿಗೆಗೆ ಪರದೆಯ ಮೇಲೆ ಆ ಚಿತ್ರವನ್ನು ತೋರಿಸಿ, "ನೋಡಿ ಅಮ್ಮ, ಅಕ್ಕಪಕ್ಕದ ಸಣ್ಣ ನಾಳಗಳು ಇಲ್ಲಿಗೆ ರಕ್ತ ತಂದುಕೊಡ್ತಾ ಇವೆ. ಇವು ಒಂದು ರಾತ್ರಿಯಲ್ಲಿ ಹುಟ್ಟಿದ್ದಲ್ಲ. ಇವರ ನಾಳ ಬಹಳ ದಿನದಿಂದ ಕಿರಿದಾಗ್ತಾ ಬಂದಿರಬಹುದು," ಎಂದರು. ಹೆಪ್ಪಿಗೆ ಕೈ ಹಾಕುವ ಮೊದಲೇ ಅವರ ಮನಸ್ಸಿನಲ್ಲಿ ನಾಳದ ಗೋಡೆಯ ಅನುಮಾನವಿತ್ತು ಎಂಬುದು ಆಮೇಲೆ ನಡೆದದ್ದಕ್ಕೆಲ್ಲ ಬುನಾದಿಯಾಯಿತು. ಹೃದಯದಿಂದ ಹಾರಿ ಬಂದ ಹೆಪ್ಪು ಸಾಮಾನ್ಯವಾಗಿ ನಾಳ ಕವಲೊಡೆಯುವ ಕಡೆ ಸಿಕ್ಕಿಕೊಳ್ಳುತ್ತದೆ, ಅಲ್ಲೇ ಬೆಳೆದ ಕೊಬ್ಬಿನ ಪದರದ ಮೇಲೆ ಕಟ್ಟಿದ ಹೆಪ್ಪು ಕವಲಿಗೆ ಮುಂಚೆ ನಾಳದ ಕಾಂಡದಲ್ಲೇ ಕಾಣಸಿಗುತ್ತದೆ, ಹೃದಯದ ಬಡಿತ ಸರಿಯಾಗಿದ್ದು ಸಕ್ಕರೆ ಕಾಯಿಲೆಯೂ ಇದ್ದರೆ ಎರಡನೆಯದರ ಅನುಮಾನ ಬಲವಾಗುತ್ತದೆ ಎಂದು ಅವರು ವಿವರಿಸಿದರು. ಕಾಂಡದಲ್ಲೇ ಇತ್ತು ಅಣ್ಣನ ತಡೆ.

ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. ಥ್ರಾಂಬೆಕ್ಟಮಿಗೆ ಇಂದಿರುವ ಮಾನ್ಯತೆ 2015ರ ಸುಮಾರಿಗೆ ಬೆನ್ನುಬೆನ್ನಿಗೆ ಪ್ರಕಟವಾದ ಐದು ಅಧ್ಯಯನಗಳಿಂದ ಬಂದದ್ದು. ಅವುಗಳ 1,287 ರೋಗಿಗಳ ವಿವರವನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆಯಲ್ಲಿ, ತೊಂಬತ್ತು ದಿನಗಳ ನಂತರ ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳುವ ಸ್ಥಿತಿಯಲ್ಲಿದ್ದವರು ಹೆಪ್ಪು ತೆಗೆಸಿಕೊಂಡವರಲ್ಲಿ ಶೇ. 46, ಔಷಧ ಮಾತ್ರ ಪಡೆದವರಲ್ಲಿ ಶೇ. 26.5. ಇದು ವೈದ್ಯಕೀಯದಲ್ಲಿ ಅಪರೂಪಕ್ಕೆ ಕಾಣುವಷ್ಟು ದೊಡ್ಡ ಲಾಭ. ಆದರೆ ಆ ಅಧ್ಯಯನಗಳು ಬಹುಪಾಲು ನೆದರ್ಲೆಂಡ್ಸ್, ಕೆನಡಾ, ಅಮೆರಿಕ, ಆಸ್ಟ್ರೇಲಿಯಾ, ಸ್ಪೇನ್ ಮುಂತಾದ ದೇಶಗಳವು. ಅಲ್ಲಿ ಹೃದಯದಿಂದಲೋ ಕತ್ತಿನ ನಾಳದಿಂದಲೋ ಹಾರಿ ಬಂದ ಹೆಪ್ಪುಗಳೇ ಹೆಚ್ಚು. ಮೆದುಳಿನೊಳಗಿನ ನಾಳಗಳೇ ಕೊಬ್ಬಿನಿಂದ ಕಿರಿದಾಗುವ ಕಾಯಿಲೆ ಭಾರತವೂ ಸೇರಿದಂತೆ ಏಷ್ಯಾದಲ್ಲಿ ಗಣನೀಯವಾಗಿ ಹೆಚ್ಚು. ಆದ್ದರಿಂದ ನಮ್ಮಲ್ಲಿನ ಯಾವುದೇ ಸ್ಟ್ರೋಕ್ ಘಟಕ ಈ ಕಾಯಿಲೆಯನ್ನು ಎದುರಿಸುವ ಸಿದ್ಧತೆ ಇಟ್ಟುಕೊಂಡಿರಲೇಬೇಕು ಎಂದು ನಾನು ನಂಬುತ್ತೇನೆ.

ಕ್ಯಾಥ್ ಲ್ಯಾಬಿನಲ್ಲಿ ಆ ಸಿದ್ಧತೆ ಕೆಲಸಕ್ಕೆ ಬಂತು. ತೊಡೆಸಂದಿನ ಮೂಲಕ ಕ್ಯಾಥೆಟರ್ ಎಂಬ ತೆಳು ನಳಿಕೆ ಹಾಯಿಸಿ, ಸ್ಟೆಂಟ್ ರಿಟ್ರೀವರ್ ಎಂಬ ಜಾಲರಿಯಿಂದ ಹೆಪ್ಪನ್ನು ಎಳೆದಾಗ ನಾಳ ತೆರೆದುಕೊಂಡಿತು. ಅಲ್ಲಿಗೆ ಮುಗಿಸದೆ ತಂಡದವರು ಕೆಲ ಹೊತ್ತು ಕಾದು ಮತ್ತೆ ಚಿತ್ರ ತೆಗೆದರು. ನಾಳ ಪುನಃ ಮುಚ್ಚುತ್ತಾ ಬಂದಿತ್ತು. ಕೊಬ್ಬಿನ ಪದರದ ಮೇಲ್ಮೈ ಬಿರಿದು ಹಸಿಯಾಗಿರುವುದರಿಂದ ರಕ್ತವನ್ನು ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಅಲ್ಲಿಗೇ ಬಂದು ಅಂಟಿಕೊಳ್ಳುತ್ತವೆ, ಎಳೆದ ಜಾಲರಿಯೂ ಗೋಡೆಯನ್ನು ಇನ್ನಷ್ಟು ಕೆರೆದಿರುತ್ತದೆ. ಹೀಗೆ ತೆರೆದ ನಾಳ ನೋಡುನೋಡುತ್ತಿದ್ದಂತೆ ಮುಚ್ಚುವುದು ಈ ಕಾಯಿಲೆಯ ಲಕ್ಷಣ. ಹಿರಿಯ ವೈದ್ಯರೊಬ್ಬರು ಹೊರಗೆ ಬಂದು ಮೂರು ದಾರಿಗಳನ್ನು ನಮ್ಮ ಮುಂದಿಟ್ಟರು. ಪ್ಲೇಟ್‌ಲೆಟ್ ತಡೆಯುವ ಟಿರೋಫಿಬಾನ್ ಔಷಧವನ್ನು ರಕ್ತನಾಳಕ್ಕೆ ಹರಿಸುವುದು ಒಂದು, ಬಲೂನಿನಿಂದ ಕಿರಿದಾದ ಜಾಗವನ್ನು ಹಿಗ್ಗಿಸುವುದು ಇನ್ನೊಂದು, ಶಾಶ್ವತವಾಗಿ ಸ್ಟೆಂಟ್ ಇಟ್ಟುಬಿಡುವುದು ಮತ್ತೊಂದು. ಸ್ಟೆಂಟ್ ಇಟ್ಟರೆ ಎರಡು ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಕೂಡಲೇ ಕೊಡಬೇಕಾಗುತ್ತದೆ, ಆಗಷ್ಟೇ ಪೆಟ್ಟು ತಿಂದ ಮೆದುಳಿನಲ್ಲಿ ಅದರಿಂದ ರಕ್ತಸ್ರಾವವಾಗುವ ಭಯವಿದೆ, ಆದ್ದರಿಂದ ಮೊದಲೆರಡನ್ನು ಮಾಡಿ ನಾಳ ನಿಂತರೆ ಅಲ್ಲಿಗೆ ನಿಲ್ಲಿಸೋಣ ಎಂಬುದು ಅವರ ಸಲಹೆಯಾಗಿತ್ತು. ನಾವು ಒಪ್ಪಿದೆವು. ಚಿಕ್ಕ ಬಲೂನಿನಿಂದ ನಿಧಾನವಾಗಿ ಹಿಗ್ಗಿಸಿ, ಔಷಧವನ್ನು ಮುಂದುವರಿಸಿದ ಮೇಲೆ ನಾಳ ತೆರೆದೇ ಉಳಿಯಿತು, ಆದರೆ ಅರ್ಧಕ್ಕಿಂತ ಹೆಚ್ಚು ಕಿರಿದಾಗಿಯೇ.

ಆ ನಿರ್ಧಾರದ ಬಗ್ಗೆ ನನಗೆ ಗೌರವ ಹೆಚ್ಚಾದದ್ದು ಆಮೇಲೆ, ಈ ವಿಷಯವನ್ನು ಓದಿದಾಗ. ಇಂಥದೇ ಸನ್ನಿವೇಶವನ್ನು ಪರೀಕ್ಷಿಸಿದ ಏಂಜೆಲ್-ರೀಬೂಟ್ ಎಂಬ ಚೀನಾದ ಅಧ್ಯಯನ 2024ರಲ್ಲಿ ಪ್ರಕಟವಾಗಿದೆ. ಹೆಪ್ಪು ತೆಗೆದರೂ ನಾಳ ಸರಿಯಾಗಿ ತೆರೆಯದ ಅಥವಾ ತೀರಾ ಕಿರಿದಾಗಿ ಉಳಿದ 348 ರೋಗಿಗಳಲ್ಲಿ, ಸುಮಾರು ಅರ್ಧದಷ್ಟು ಜನರಿಗೆ ಬಲೂನು ಅಥವಾ ಸ್ಟೆಂಟ್ ಬಳಸಿದ್ದರಿಂದ ಮೂರು ತಿಂಗಳ ಚೇತರಿಕೆ ಉತ್ತಮವಾಗಲಿಲ್ಲ. ಮೆದುಳಿನ ರಕ್ತಸ್ರಾವ ಮತ್ತು ನಾಳದ ಗೋಡೆ ಸೀಳುವುದು ಹೆಚ್ಚಾಯಿತು. ಅದಕ್ಕಿಂತ ಮುಂಚೆ, 2022ರಲ್ಲಿ ಬಂದ ರೆಸ್ಕ್ಯೂ ಬಿಟಿ ಅಧ್ಯಯನವೂ ಥ್ರಾಂಬೆಕ್ಟಮಿಗೆ ಮುನ್ನ ಎಲ್ಲರಿಗೂ ಟಿರೋಫಿಬಾನ್ ಕೊಡುವುದರಿಂದ ಒಟ್ಟಾರೆ ಲಾಭವಿಲ್ಲವೆಂದೇ ಹೇಳಿತು. ಹಾಗೆಂದು ಕಣ್ಣೆದುರಿಗೆ ಮುಚ್ಚಿಕೊಳ್ಳುತ್ತಿರುವ ನಾಳವನ್ನು ಬಿಟ್ಟು ಬರಲು ಯಾವ ವೈದ್ಯರಿಗೂ ಮನಸ್ಸಾಗದು. ಅಗತ್ಯವಿದ್ದಷ್ಟೇ ಮಾಡಿ, ಕೈ ಹಿಂದೆಗೆದುಕೊಳ್ಳುವ ವಿವೇಕವೂ ಕೌಶಲದ ಭಾಗ. ಬಳಸಿದ ಒಂದೊಂದು ಸಾಧನದಿಂದಲೂ ಬಿಲ್ಲು ಬೆಳೆಯುವ ಚಿಕಿತ್ಸೆಯಲ್ಲಿ ಆ ಸಂಯಮ ತೋರಿಸಿದ ತಂಡವನ್ನು ನಾನು ಮುಕ್ತ ಮನಸ್ಸಿನಿಂದ ಶ್ಲಾಘಿಸುತ್ತೇನೆ.

ಐಸಿಯುವಿನ ದಾದಿಯರ ಕೆಲಸದ ಬಗ್ಗೆ ವಿಸ್ತಾರವಾಗಿಯೇ ಬರೆಯಬೇಕು. ಹೆಪ್ಪು ತೆಗೆದ ನಂತರ ಬಿಪಿ ಹೆಚ್ಚಾದರೆ ಮೆದುಳಿನಲ್ಲಿ ರಕ್ತಸ್ರಾವದ ಅಪಾಯ. ನಾಳ ಇನ್ನೂ ಕಿರಿದಾಗಿದ್ದರೆ ಬಿಪಿ ಕಡಿಮೆಯಾದಾಗ ಆ ಕಿರಿದಾದ ಸಂದಿಯಾಚೆಗೆ ರಕ್ತವೇ ತಲುಪುವುದಿಲ್ಲ. 2022ರ ಎನ್‌ಚಾಂಟೆಡ್-2 ಅಧ್ಯಯನದಲ್ಲಿ ಥ್ರಾಂಬೆಕ್ಟಮಿಯ ನಂತರ ಮೇಲಿನ ಬಿಪಿಯನ್ನು 120ಕ್ಕಿಂತ ಕೆಳಗಿಳಿಸಿದವರು, 140ರಿಂದ 180ರ ನಡುವೆ ಇಟ್ಟವರಿಗಿಂತ ಹೆಚ್ಚಿನ ಅಂಗವೈಕಲ್ಯಕ್ಕೆ ಒಳಗಾದರು. ಈ ಘಟಕದಲ್ಲಿ ಅಣ್ಣನ ಹಾಸಿಗೆಯ ಮೇಲೆಯೇ ಬಿಪಿಯ ಮೇಲಿನ ಮಿತಿ, ಕೆಳಗಿನ ಮಿತಿ ಎರಡನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದರು. ಒಂದು ರಾತ್ರಿ ಬಿಪಿ ಇಳಿದಾಗ, ಆಗಷ್ಟೇ ಬೆರಳು ಆಡಿಸಲು ಶುರು ಮಾಡಿದ್ದ ಬಲಗೈ ಮತ್ತೆ ಸೋತಿತು. ಪಾಳಿಯಲ್ಲಿದ್ದ ದಾದಿ ಅದನ್ನು ನಿದ್ದೆಯ ಮಂಪರೆಂದು ಬಿಡದೆ, ಕೈ ಎತ್ತಿಸಿ ನೋಡಿ, ವೈದ್ಯರನ್ನು ಕರೆಸಿ, ತಲೆಯ ಕಡೆಯ ಹಾಸಿಗೆಯನ್ನು ತಗ್ಗಿಸಿ, ದ್ರವ ಏರಿಸಿದರು. ಬೆಳಗಾಗುವಷ್ಟರಲ್ಲಿ ಬೆರಳುಗಳು ಮತ್ತೆ ಆಡತೊಡಗಿದವು. ಮರುದಿನ ಸ್ಕ್ಯಾನ್ ಮಾಡಿ, ರಕ್ತಸ್ರಾವವಿಲ್ಲ, ನಾಳ ಮುಚ್ಚಿಲ್ಲ ಎಂದು ಖಚಿತಪಡಿಸಿಕೊಂಡರು. ಸಂದಿಯಾಗಿ ಉಳಿದ ನಾಳ ಚೇತರಿಕೆಯನ್ನು ಹೇಗೆ ಹಿಡಿದೆಳೆಯುತ್ತದೆ ಎಂಬುದನ್ನು ನಮ್ಮ ಮನೆಯವರೆಲ್ಲ ಅರ್ಥ ಮಾಡಿಕೊಂಡದ್ದು ಆ ರಾತ್ರಿಯಲ್ಲಿ.

ಇಷ್ಟೆಲ್ಲ ಚೆನ್ನಾಗಿ ನಡೆದ ಮೇಲೆ ಡಿಸ್ಚಾರ್ಜ್ ಸಾರಾಂಶ ಓದಿದಾಗ ನಿರಾಶೆಯಾಯಿತು. ಮೊದಲ ಪುಟದಲ್ಲಿ ಥ್ರಾಂಬೆಕ್ಟಮಿ ಯಶಸ್ವಿ ಎಂದಿತ್ತು. ನಾಳ ಕಿರಿದಾಗಿಯೇ ಇದೆ ಎಂಬ ಸಂಗತಿ ಕೊನೆಯ ಪುಟದ ಸ್ಕ್ಯಾನ್ ವರದಿಯ ಒಂದು ಸಾಲಿನಲ್ಲಿ ಹೂತುಹೋಗಿತ್ತು. ಬಿಪಿ ಎಷ್ಟಿರಬೇಕು, ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಎಷ್ಟಕ್ಕೆ ಇಳಿಯಬೇಕು, ಎರಡು ರಕ್ತ ತೆಳುವಾಗಿಸುವ ಮಾತ್ರೆಗಳಲ್ಲಿ ಯಾವುದನ್ನು ಯಾವಾಗ ನಿಲ್ಲಿಸಬೇಕು ಎಂಬ ಯಾವ ಮಾತೂ ಅದರಲ್ಲಿರಲಿಲ್ಲ. ಊರಿನಲ್ಲಿ ಅಣ್ಣನನ್ನು ನೋಡುವ ವೈದ್ಯರ ಕೈಗೆ ಸಿಗುವುದು ಆ ಕಾಗದ ಮಾತ್ರ. ಅದನ್ನು ನಂಬಿ ಅವರು ಬಿಪಿ ಮಾತ್ರೆಯನ್ನು ಒಮ್ಮೆಲೇ ಹೆಚ್ಚಿಸಿದ್ದರೆ, ಅಥವಾ ಹಲ್ಲು ಕೀಳಿಸಲೆಂದು ಯಾರಾದರೂ ಎರಡೂ ಮಾತ್ರೆಗಳನ್ನು ನಿಲ್ಲಿಸಿದ್ದರೆ, ಐಸಿಯುವಿನಲ್ಲಿ ಪಟ್ಟ ಶ್ರಮವೆಲ್ಲ ನೀರಿಗೆ ಹೋಗುತ್ತಿತ್ತು. ಅಷ್ಟು ದೊಡ್ಡ ತಂಡದ ಜ್ಞಾನ ಕಾಗದಕ್ಕೆ ಇಳಿಯದೆ ಹೋದದ್ದು ಸಣ್ಣ ಲೋಪವಲ್ಲ.

ಹೊರರೋಗಿ ವಿಭಾಗದಲ್ಲಿ ಕೇಳಿದಾಗ ನರರೋಗ ತಜ್ಞರು ಆತುರಪಡದೆ ಎಲ್ಲವನ್ನೂ ಹೇಳಿದರು. ಉಳಿದ ಸಂದಿಗೆ ಈಗ ಸ್ಟೆಂಟ್ ಹಾಕಿಸಬೇಕೇ ಎಂಬ ನಮ್ಮ ಪ್ರಶ್ನೆಗೆ ಅವರು ಬೇಡವೆಂದರು. ಅಮೆರಿಕದಲ್ಲಿ 451 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಸ್ಯಾಂಪ್ರಿಸ್ ಅಧ್ಯಯನದಲ್ಲಿ, ಮೆದುಳಿನ ಕಿರಿದಾದ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಮೂವತ್ತು ದಿನಗಳೊಳಗೆ ಶೇ. 14.7ರಷ್ಟು ಜನರಿಗೆ ಮತ್ತೆ ಸ್ಟ್ರೋಕ್ ಆಯಿತು ಅಥವಾ ಸಾವು ಬಂತು. ಔಷಧ ಮತ್ತು ಜೀವನಕ್ರಮದ ಕಟ್ಟುನಿಟ್ಟಿನ ಚಿಕಿತ್ಸೆ ಪಡೆದವರಲ್ಲಿ ಅದು ಶೇ. 5.8. ಆ ಕಟ್ಟುನಿಟ್ಟಿನ ಚಿಕಿತ್ಸೆಯೆಂದರೆ ತೊಂಬತ್ತು ದಿನ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಎರಡನ್ನೂ, ಆಮೇಲೆ ಒಂದನ್ನು ತೆಗೆದುಕೊಳ್ಳುವುದು. ಎಲ್‌ಡಿಎಲ್ ಅನ್ನು 70ಕ್ಕಿಂತ ಕೆಳಗಿಡುವುದು. ಬಿಪಿಯನ್ನು ವಾರಗಳ ಅವಧಿಯಲ್ಲಿ ಮೆಲ್ಲಗೆ 140ಕ್ಕಿಂತ ಕೆಳಗೆ ತರುವುದು. ಸಿಗರೇಟು ಬಿಡುವುದು, ನಡಿಗೆ, ಸಕ್ಕರೆಯ ಹಿಡಿತ. ಎಲ್‌ಡಿಎಲ್‌ನ ಆ ಗುರಿಯನ್ನು 2,860 ರೋಗಿಗಳ ಫ್ರಾನ್ಸ್ ಮತ್ತು ದಕ್ಷಿಣ ಕೊರಿಯಾದ ಅಧ್ಯಯನವೊಂದೂ ಸಮರ್ಥಿಸಿದೆ. ಏಷ್ಯಾದ ಅನೇಕರಲ್ಲಿ ವಂಶವಾಹಿಯ ಕಾರಣದಿಂದ ಕ್ಲೋಪಿಡೋಗ್ರೆಲ್ ಪೂರ್ಣ ಪರಿಣಾಮ ಬೀರುವುದಿಲ್ಲವೆಂದು ಹೇಳಿ, ಅದನ್ನು ಪರೀಕ್ಷಿಸುವ ರಕ್ತಪರೀಕ್ಷೆಯನ್ನೂ ಬರೆದುಕೊಟ್ಟರು. ಲಕ್ಷಗಟ್ಟಲೆ ಖರ್ಚಿನ ಚಿಕಿತ್ಸೆಯ ಫಲವನ್ನು ಕಾಯುವುದು ದಿನಕ್ಕೆ ಕೆಲವೇ ರೂಪಾಯಿಯ ಮಾತ್ರೆಗಳು ಎಂದ ಮೇಲೆ, ಈ ಮಾತುಗಳು ಡಿಸ್ಚಾರ್ಜ್ ದಿನವೇ, ಕನ್ನಡದಲ್ಲಿ ಬರೆದು ಅತ್ತಿಗೆಯ ಕೈಗೆ ಸೇರಬೇಕಿತ್ತು.

ಫಿಸಿಯೋಥೆರಪಿಯ ವಿಷಯದಲ್ಲೂ ಇದೇ ಕೊರತೆ ಕಂಡಿತು. ವಾರ್ಡಿನಲ್ಲಿ ಚುರುಕಾಗಿ ವ್ಯಾಯಾಮ ಮಾಡಿಸಿದ ತರುಣ ಚಿಕಿತ್ಸಕರು ಒಳ್ಳೆಯವರು, ಅಣ್ಣನಿಗೆ ಅವರೆಂದರೆ ಅಚ್ಚುಮೆಚ್ಚು. ಆದರೆ ಮನೆಗೆ ಕೊಟ್ಟ ವ್ಯಾಯಾಮದ ಹಾಳೆ ಎಲ್ಲರಿಗೂ ಒಂದೇ. ರಕ್ತನಾಳದ ಕಾಯಿಲೆ ಇರುವವರು ಒಮ್ಮೆಗೇ ಎದ್ದು ನಿಂತಾಗ ಬಿಪಿ ಕುಸಿದು ಕೈ ಸೋಲಬಹುದು, ಅದೇ ಕಾಯಿಲೆ ಹೃದಯದ ನಾಳಗಳಲ್ಲೂ ಇರುವ ಸಾಧ್ಯತೆ ದೊಡ್ಡದು, ಮೆದುಳಿನ ಸಣ್ಣ ನಾಳಗಳು ಮೊದಲೇ ಸವೆದಿದ್ದರೆ ಕಳೆದುಹೋದ ಕೆಲಸವನ್ನು ಉಳಿದ ಭಾಗ ಕಲಿತುಕೊಳ್ಳುವುದು ನಿಧಾನ. ಅಣ್ಣನ ಕಾಲು ಬೇಗ ಸುಧಾರಿಸಿತು, ಕೈ ಹಿಂದೆ ಉಳಿಯಿತು, ಮಧ್ಯಾಹ್ನದ ಹೊತ್ತಿಗೆ ದಣಿವು ಅವರನ್ನು ಮಲಗಿಸಿಬಿಡುತ್ತಿತ್ತು. ಇದು ಸೋಮಾರಿತನವಲ್ಲ, ನಿರೀಕ್ಷಿತವೇ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಮನೆಯಲ್ಲಿ ಎಷ್ಟೋ ಬೇಸರ ತಪ್ಪುತ್ತಿತ್ತು. ಮಾತಿನ ಚಿಕಿತ್ಸೆಗೆ ಘಟಕದಲ್ಲಿದ್ದ ಚಿತ್ರಪಟಗಳು ಇಂಗ್ಲಿಷಿನವು. ಹಾಸನದವರಿಗೆ ಹತ್ತಿರವಿರುವ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಅಣ್ಣನನ್ನು ಕರೆದೊಯ್ದೆವು. ಅಲ್ಲಿ ಕನ್ನಡದಲ್ಲೇ ಪರೀಕ್ಷಿಸಿ, ಕನ್ನಡದಲ್ಲೇ ಅಭ್ಯಾಸ ಕೊಟ್ಟರು. ಆ ಸಂಸ್ಥೆಯ ಹೆಸರನ್ನು ಸ್ಟ್ರೋಕ್ ಘಟಕದವರೇ ಸೂಚಿಸಬಹುದಿತ್ತು.

ತೊಂಬತ್ತನೆಯ ದಿನದ ಆಸುಪಾಸಿನಲ್ಲಿ ಘಟಕದಿಂದ ಫೋನ್ ಬಂತು. ನಡೆಯುತ್ತಾರೆಯೇ, ಸ್ವಂತವಾಗಿ ಊಟ ಮಾಡುತ್ತಾರೆಯೇ, ಸ್ನಾನಕ್ಕೆ ಯಾರಾದರೂ ಬೇಕೇ ಎಂದು ಕೇಳಿ ಬರೆದುಕೊಂಡರು. ಸೊನ್ನೆಯಿಂದ ಆರರವರೆಗಿನ ಅಂಗವೈಕಲ್ಯದ ಅಳತೆಗೆ ಈ ಉತ್ತರಗಳು ಬೇಕು, ಅಣ್ಣ ಅದರಲ್ಲಿ ಎರಡಕ್ಕೆ ಬಂದಿದ್ದಾರೆ. ಹಿಂದಿನ ಕೆಲವು ಕೆಲಸ ಕೈಲಾಗದಿದ್ದರೂ ತಮ್ಮ ದಿನಚರಿಯನ್ನು ತಾವೇ ನೋಡಿಕೊಳ್ಳುತ್ತಾರೆ ಎಂದರ್ಥ. ಇದು ಒಳ್ಳೆಯ ಫಲವೇ. ಆದರೆ ಬಿಪಿ ಎಷ್ಟಿದೆ, ಮಾತ್ರೆಗಳನ್ನು ಬಿಟ್ಟಿಲ್ಲವಷ್ಟೇ, ಎಲ್‌ಡಿಎಲ್ ಮಾಡಿಸಿದಿರಾ, ಮಧ್ಯೆ ಕೈ ಸೋತದ್ದು ಮಾತು ತೊದಲಿದ್ದು ಉಂಟೇ ಎಂದು ಆ ಕರೆಯಲ್ಲಿ ಕೇಳಲಿಲ್ಲ. ಕಿರಿದಾದ ನಾಳವುಳ್ಳ ರೋಗಿಗೆ ಮುಂದಿನ ಸ್ಟ್ರೋಕನ್ನು ತಡೆಯಲು ಬೇಕಾದದ್ದು ಇವೇ ಪ್ರಶ್ನೆಗಳು, ಫೋನ್ ಹಿಡಿದವರಿಗೆ ಎರಡು ನಿಮಿಷ ಹೆಚ್ಚು ಸಾಕಾಗುತ್ತಿತ್ತು.

ಐದರಲ್ಲಿ ಅಂಕ ಕೊಡುವುದಾದರೆ ತುರ್ತು ಚಿಕಿತ್ಸೆಗೂ ಕ್ಯಾಥ್ ಲ್ಯಾಬಿಗೂ ಐದು, ಐಸಿಯುವಿಗೆ ಐದು, ಡಿಸ್ಚಾರ್ಜ್ ಕಾಗದಕ್ಕೆ ಎರಡು, ಅನುಸರಣೆಗೆ ಎರಡೂವರೆ. ಬಿಲ್ಲು ದೊಡ್ಡದಿತ್ತು, ಆದರೆ ಬಳಸಿದ ಪ್ರತಿ ಸಾಧನದ ವಿವರ ಅದರಲ್ಲಿತ್ತು, ವಿಮೆಯ ಕಾಗದಪತ್ರಗಳಿಗೆ ಸಿಬ್ಬಂದಿ ತಾಳ್ಮೆಯಿಂದ ನೆರವಾದರು. ಇದೇ ಚಿಕಿತ್ಸೆ ಮಾಡಿಸಿಕೊಂಡವರ ಮನೆಯವರು ಬಿಡುಗಡೆಗೆ ಮುಂಚೆ ನಾಳದ ಗೋಡೆ ಸರಿಯಿದೆಯೇ, ಸಂದಿ ಉಳಿದಿದೆಯೇ, ಎಷ್ಟು ಉಳಿದಿದೆ ಎಂದು ಕೇಳಿ ಬರೆಸಿಕೊಳ್ಳಿ, ಆಂಜಿಯೋಗ್ರಾಮಿನ ಸಿ.ಡಿ.ಯನ್ನೂ ಪಡೆದುಕೊಳ್ಳಿ, ಮುಂದೆ ಯಾವ ಊರಿನಲ್ಲಿ ಯಾವ ವೈದ್ಯರು ನೋಡಿದರೂ ಹೋಲಿಸಲು ಅದೇ ಆಧಾರ. ಅನುಸರಣೆಯ ಕೊರತೆಗಳನ್ನು ನಾನು ಘಟಕದ ಮುಖ್ಯಸ್ಥರಿಗೆ ಪತ್ರದಲ್ಲಿ ಬರೆದು ಕೊಟ್ಟಿದ್ದೇನೆ, ಸ್ವೀಕರಿಸಿದ್ದಾರೆ. ಅಣ್ಣನಿಗೆ ಮುಂದಿನ ಸಿ.ಟಿ. ಆಂಜಿಯೋಗ್ರಾಮನ್ನು ಅಲ್ಲಿಯೇ ಮಾಡಿಸಲಿದ್ದೇವೆ.